ವೈದ್ಯರ ಚೀಟಿಯಲ್ಲಿರುವ ಕಾಕ್ಸ್ ಯಾರು? ಚರ್ಮದ ಟಿಬಿ ಹುಡುಕಲು ಕಲಿಸಿದ ರಾಬರ್ಟ್ ಕಾಕ್ ಕಥೆ

ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಕಲಬುರಗಿಗೋ ಸೊಲ್ಲಾಪುರಕ್ಕೋ ಹೋಗಿ ಟಿಬಿಗೆ ಚಿಕಿತ್ಸೆ ಪಡೆದವರು ನಿಮ್ಮ ಮನೆಯಲ್ಲಿದ್ದರೆ, ಅವರ ಹಳೆಯ ಚೀಟಿಗಳನ್ನು ಒಮ್ಮೆ ತೆಗೆದು ನೋಡಿ. ಎಷ್ಟೋ ಚೀಟಿಗಳಲ್ಲಿ ಟಿಬಿ ಎಂಬ ಪದವೇ ಇರುವುದಿಲ್ಲ. ಅದರ ಬದಲು ಕಾಕ್ಸ್ ಎಂದು ಬರೆದಿರುತ್ತದೆ. ರೋಗಿಯ ಎದುರು ಟಿಬಿ ಎಂದು ಬಾಯಿಬಿಟ್ಟು ಹೇಳಿದರೆ ಗಾಬರಿಯಾಗುತ್ತಾರೆ, ಪಕ್ಕದಲ್ಲಿ ಕೂತವರು ದೂರ ಸರಿಯುತ್ತಾರೆ ಎಂದು ನಮ್ಮ ದೇಶದ ವೈದ್ಯರು ಬಹಳ ಕಾಲದಿಂದ ಬಳಸುತ್ತಿರುವ ಗುಪ್ತನಾಮ ಅದು.

ಈ ಹೆಸರು ಜರ್ಮನಿಯ ಒಬ್ಬ ವೈದ್ಯನದು. ಆತ ತೀರಿಕೊಂಡು 110 ವರ್ಷಗಳ ಮೇಲಾಯಿತು. ಆದರೆ ವಾಸಿಯಾಗದ ಚರ್ಮದ ಹುಣ್ಣಿಗೆ ಎಕ್ಕದ ಹಾಲು ಹಚ್ಚಿ, ಏಳು ದಿನದಲ್ಲಿ ಗುಣವಾಗುತ್ತದೆ ಎಂಬಂಥ ಫಾರ್ವರ್ಡ್ ನಿಮ್ಮ ಮೊಬೈಲಿಗೆ ಬಂದಾಗಲೆಲ್ಲ ಆತನ ಬದುಕು ನೆನಪಿಗೆ ಬರಬೇಕು. ಏಕೆಂದರೆ ರೋಗದ ಮೂಲ ಹುಡುಕಿ ಜಗತ್ತಿಗೆ ಉಪಕಾರ ಮಾಡಿದವನೂ ಆತನೇ, ಪರೀಕ್ಷೆ ಮುಗಿಯುವ ಮುನ್ನವೇ ಔಷಧ ಸಿಕ್ಕಿತೆಂದು ಹೇಳಿ ಸಾವಿರಾರು ಜನರನ್ನು ದಾರಿ ತಪ್ಪಿಸಿದವನೂ ಆತನೇ.

ಗಣಿ ಊರಿನ ಹುಡುಗ

ರಾಬರ್ಟ್ ಕಾಕ್ ಹುಟ್ಟಿದ್ದು 1843ರ ಡಿಸೆಂಬರ್ 11ರಂದು, ಜರ್ಮನಿಯ ಹಾರ್ಜ್ ಬೆಟ್ಟಗಳ ನಡುವಿನ ಕ್ಲಾಸ್ತಾಲ್ ಎಂಬ ಗಣಿ ಊರಿನಲ್ಲಿ. ತಂದೆ ಗಣಿ ಇಲಾಖೆಯ ನೌಕರ. ಹದಿಮೂರು ಮಕ್ಕಳಲ್ಲಿ ರಾಬರ್ಟ್ ಮೂರನೆಯವ. ಗೊಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಓದಿ 1866ರಲ್ಲಿ ವೈದ್ಯಕೀಯ ಪದವಿ ಪಡೆದರು. ಅಲ್ಲಿ ಅವರಿಗೆ ಪಾಠ ಹೇಳಿದವರಲ್ಲಿ ಯಾಕೋಬ್ ಹೆನ್ಲೆ ಒಬ್ಬರು. ಸಾಂಕ್ರಾಮಿಕ ರೋಗಗಳು ಕಣ್ಣಿಗೆ ಕಾಣದ ಜೀವಿಗಳಿಂದ ಬರುತ್ತವೆ ಎಂದು ಯಾರೂ ನಂಬದ ಕಾಲದಲ್ಲೇ ವಾದಿಸಿದವರು ಹೆನ್ಲೆ. ವಾದವೇನೋ ಇತ್ತು, ಸಾಕ್ಷಿ ಇರಲಿಲ್ಲ.

1872ರಲ್ಲಿ ಕಾಕ್ ವೊಲ್‌ಸ್ಟೈನ್ ಎಂಬ ಸಣ್ಣ ಊರಿಗೆ ಸರ್ಕಾರಿ ವೈದ್ಯರಾಗಿ ಹೋದರು. ಆ ಊರು ಈಗ ಪೋಲೆಂಡ್ ದೇಶದಲ್ಲಿದೆ. ಸುತ್ತಲ ಹಳ್ಳಿಗಳ ರೋಗಿಗಳನ್ನು ನೋಡುವುದು, ಹೆರಿಗೆ ಮಾಡಿಸುವುದು, ಸಿಡುಬಿನ ಲಸಿಕೆ ಹಾಕುವುದು, ಇದು ದಿನದ ಕೆಲಸ. ಹೆಂಡತಿ ಎಮ್ಮಿ ಕೊಡಿಸಿದ ಸೂಕ್ಷ್ಮದರ್ಶಕವೇ ಅವರ ದೊಡ್ಡ ಆಸ್ತಿ. ರೋಗಿಗಳನ್ನು ನೋಡುವ ಕೋಣೆಯಲ್ಲೇ ಒಂದು ಪರದೆ ಎಳೆದು, ಅದರ ಹಿಂದೆ ಪ್ರಯೋಗಾಲಯ ಮಾಡಿಕೊಂಡಿದ್ದರು.

ಆ ಸೀಮೆಯ ಕುರಿ, ದನಗಳು ನೆರಡಿ ರೋಗದಿಂದ ದಿಢೀರನೆ ಸಾಯುತ್ತಿದ್ದವು. ನಮ್ಮ ಕುರಿಗಾರರಿಗೂ ಗೊತ್ತಿರುವ ಆಂಥ್ರಾಕ್ಸ್ ಅದೇ. ಸತ್ತ ಪ್ರಾಣಿಯ ರಕ್ತದಲ್ಲಿ ಕಡ್ಡಿಯಂಥ ಜೀವಿಗಳಿರುವುದನ್ನು ಬೇರೆಯವರೂ ನೋಡಿದ್ದರು. ಕಾಕ್ ಅವನ್ನು ಇಲಿಯಿಂದ ಇಲಿಗೆ ದಾಟಿಸಿ, ದೇಹದ ಹೊರಗೆ ಬೆಳೆಸಿ, ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುಳಿಯುವ ಬೀಜಕಣಗಳಾಗುವುದನ್ನು ಕಣ್ಣಾರೆ ಕಂಡರು. ಸೂಜಿಮದ್ದಿನ ಸಲಕರಣೆ ಇಲ್ಲದ್ದಕ್ಕೆ ಕಟ್ಟಿಗೆಯ ಸೀಳುಗಳನ್ನೇ ಬಳಸಿದರು. 1876ರಲ್ಲಿ ಈ ಕೆಲಸವನ್ನು ದೊಡ್ಡ ವಿಜ್ಞಾನಿಗಳ ಮುಂದಿಟ್ಟಾಗ ಹಳ್ಳಿ ಡಾಕ್ಟರನ ಹೆಸರು ಯುರೋಪಿನಲ್ಲಿ ಹರಡಿತು. 1880ರಲ್ಲಿ ಬರ್ಲಿನ್ನಿನ ಸರ್ಕಾರಿ ಆರೋಗ್ಯ ಕಚೇರಿ ಅವರನ್ನು ಕರೆಸಿಕೊಂಡಿತು.

1882ರ ಮಾರ್ಚ್ 24ರ ಸಂಜೆ

ಆಗ ಟಿಬಿ ಅಂದರೆ ಕ್ಷಯ. ಸಾಯುವ ಏಳು ಜನರಲ್ಲಿ ಒಬ್ಬರು ಅದರಿಂದಲೇ ಸಾಯುತ್ತಾರೆ ಎಂದು ಕಾಕ್ ಲೆಕ್ಕ ಕೊಟ್ಟಿದ್ದರು. ವಂಶದಿಂದ ಬರುತ್ತದೆ, ಮೈಯ ಗುಣದಿಂದ ಬರುತ್ತದೆ ಎಂದೇ ಹಲವು ವೈದ್ಯರ ನಂಬಿಕೆ. ಕಾಕ್ ರೋಗಿಗಳ ಶ್ವಾಸಕೋಶದ ತುಂಡುಗಳಿಗೆ ಬಣ್ಣದ ಮೇಲೆ ಬಣ್ಣ ಹಾಕಿ ನೋಡಿದರು. ಕೊನೆಗೆ ಮೆಥಿಲೀನ್ ನೀಲಿ ಹಾಕಿ, ಅದರ ಮೇಲೆ ಕಂದು ಬಣ್ಣ ಕೊಟ್ಟಾಗ ಸುತ್ತಲಿನದೆಲ್ಲ ಕಂದಾಗಿ, ತೆಳುವಾದ ನೀಲಿ ಕಡ್ಡಿಗಳು ಮಾತ್ರ ಎದ್ದು ಕಂಡವು.

ಕಂಡದ್ದಷ್ಟೇ ಸಾಲದು ಎಂಬುದು ಅವರ ಹಟ. ಬಿಸಿ ಮಾಡಿ ಗಟ್ಟಿಯಾಗಿಸಿದ ರಕ್ತದ ಸೀರಮ್ ಮೇಲೆ ಆ ರೋಗಾಣುವನ್ನು ಬೆಳೆಸಬೇಕಿತ್ತು. ಬೇರೆ ರೋಗಾಣುಗಳು ಒಂದೆರಡು ದಿನದಲ್ಲಿ ಬೆಳೆಯುತ್ತವೆ. ಇದಕ್ಕೆ ವಾರಗಳು ಬೇಕಾದವು. ಟಿಬಿ ರೋಗಾಣು ಒಂದು ಎರಡಾಗಲು ಸುಮಾರು 20 ಗಂಟೆ ತೆಗೆದುಕೊಳ್ಳುತ್ತದೆ ಎಂದು ಈಗ ನಮಗೆ ಗೊತ್ತು. ಹಾಗೆ ಬೆಳೆಸಿದ್ದನ್ನು ಗಿನಿಯಿಲಿಗಳಿಗೆ ಚುಚ್ಚಿದಾಗ ಅವಕ್ಕೂ ಅದೇ ರೋಗ ಬಂತು. ಅವುಗಳಿಂದ ತೆಗೆದಾಗ ಮತ್ತೆ ಅದೇ ರೋಗಾಣು ಸಿಕ್ಕಿತು. ಸಾಕ್ಷಿಯ ಸರಪಳಿ ಪೂರ್ತಿಯಾಯಿತು.

1882ರ ಮಾರ್ಚ್ 24ರಂದು ಬರ್ಲಿನ್ನಿನ ಒಂದು ಸಣ್ಣ ಸಭೆಯಲ್ಲಿ ಕಾಕ್ ಇದನ್ನೆಲ್ಲ ಸ್ಲೈಡುಗಳ ಸಮೇತ ಮಂಡಿಸಿದರು. ಪ್ರತಿ ವರ್ಷ ಮಾರ್ಚ್ 24ರಂದು ಆಸ್ಪತ್ರೆಗಳಲ್ಲಿ ವಿಶ್ವ ಕ್ಷಯ ದಿನದ ಬ್ಯಾನರು ಕಟ್ಟುವುದು ಆ ಸಂಜೆಯ ನೆನಪಿಗಾಗಿ.

ಚರ್ಮದಲ್ಲಿ ಅಡಗಿ ಕೂತ ಕಳ್ಳ

ಆ ಕಾಲದಲ್ಲಿ ಯುರೋಪಿನ ಜನರನ್ನು ಕಾಡುತ್ತಿದ್ದ ಇನ್ನೊಂದು ಕಾಯಿಲೆ ಲೂಪಸ್ ವಲ್ಗಾರಿಸ್. ಮುಖದ ಮೇಲೆ ಕೆಂಪು-ಕಂದು ಗಂಟುಗಳೆದ್ದು, ವರ್ಷಗಟ್ಟಲೆ ನಿಧಾನವಾಗಿ ಹರಡಿ, ಮೂಗು, ಕಿವಿಗಳನ್ನೇ ತಿಂದುಹಾಕುತ್ತಿತ್ತು. ಇದು ಕ್ಷಯವೋ, ಬೇರೆ ರೋಗವೋ ಎಂದು ವೈದ್ಯರಲ್ಲಿ ಜಗಳವಿತ್ತು.

ಕಾಕ್ ಲೂಪಸ್ ರೋಗಿಗಳ ಚರ್ಮದ ತುಂಡುಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟರು. ಶ್ವಾಸಕೋಶದ ಕಫದಲ್ಲಿ ರಾಶಿರಾಶಿಯಾಗಿ ಕಂಡ ರೋಗಾಣು ಇಲ್ಲಿ ಕಾಣಲೇ ಇಲ್ಲ. ಒಂದರ ಹಿಂದೆ ಒಂದು ತೆಳು ಸೀಳುಗಳನ್ನು ನೋಡುತ್ತ ಹೋದಾಗ ಎಲ್ಲೋ ಒಂದು ಕಡ್ಡಿ ಸಿಕ್ಕಿತು. ಆದರೆ ಅದೇ ಚರ್ಮದಿಂದ ರೋಗಾಣುವನ್ನು ಬೆಳೆಸಲು ಅವರಿಗೆ ಸಾಧ್ಯವಾಯಿತು. ಚರ್ಮದ ರೋಗವೂ ಟಿಬಿಯೇ, ಆದರೆ ಅಲ್ಲಿ ರೋಗಾಣುಗಳು ತೀರಾ ಕಡಿಮೆ ಎಂಬುದು ಹೀಗೆ ತಿಳಿಯಿತು.

ಈ ಒಂದು ಮಾತನ್ನು ನೆನಪಿಡಿ. ಚರ್ಮದ ಟಿಬಿಯನ್ನು ಪತ್ತೆ ಹಚ್ಚುವುದು ಇಂದಿಗೂ ಕಷ್ಟವಾಗಿರುವುದಕ್ಕೆ ಕಾರಣ ಇದೇ.

ಅವಸರದ ಔಷಧ

1883ರಲ್ಲಿ ಕಾಕ್ ಕಾಲರಾ ಹುಡುಕಿಕೊಂಡು ಈಜಿಪ್ಟಿಗೆ, ಅಲ್ಲಿಂದ ಕಲ್ಕತ್ತೆಗೆ ಬಂದರು. ಅಲ್ಲಿನ ಕೆರೆಯ ನೀರಿನಲ್ಲೂ ರೋಗಿಗಳ ಕರುಳಿನಲ್ಲೂ ಕಾಲರಾ ರೋಗಾಣುವನ್ನು ತೋರಿಸಿ 1884ರಲ್ಲಿ ಊರಿಗೆ ಮರಳಿದಾಗ ಸರ್ಕಾರ ಒಂದು ಲಕ್ಷ ಮಾರ್ಕ್ ಬಹುಮಾನ ಕೊಟ್ಟಿತು. ಇನ್ನು ಅವರಿಂದ ಎಲ್ಲರೂ ಕಾಯುತ್ತಿದ್ದುದು ಒಂದೇ, ಟಿಬಿಗೆ ಔಷಧ.

1890ರ ಆಗಸ್ಟ್‌ನಲ್ಲಿ ಬರ್ಲಿನ್ನಿನಲ್ಲಿ ಅಂತರರಾಷ್ಟ್ರೀಯ ವೈದ್ಯ ಸಮ್ಮೇಳನ ನಡೆಯಿತು. ಗಿನಿಯಿಲಿಗಳಲ್ಲಿ ಟಿಬಿಯನ್ನು ತಡೆಯುವ ವಸ್ತು ತಮಗೆ ಸಿಕ್ಕಿದೆ ಎಂದು ಕಾಕ್ ಅಲ್ಲಿ ಹೇಳಿದರು. ನವೆಂಬರಿನಲ್ಲಿ ಮನುಷ್ಯರ ಮೇಲಿನ ಫಲಿತಾಂಶವನ್ನೂ ಪ್ರಕಟಿಸಿದರು. ಮದ್ದಿನಲ್ಲಿ ಏನಿದೆ ಎಂದು ಮಾತ್ರ ಹೇಳಲಿಲ್ಲ. ಅದನ್ನು ಮುಂಚೆಯೇ ತಮ್ಮ ತೋಳಿಗೇ ಚುಚ್ಚಿಕೊಂಡು ಚಳಿ, ಜೋರು ಜ್ವರ, ಉಸಿರಾಟದ ತೊಂದರೆ ಅನುಭವಿಸಿದ್ದರು.

ಈ ಸುದ್ದಿಗೆ ಜೀವ ಕೊಟ್ಟಿದ್ದು ಲೂಪಸ್ ರೋಗಿಗಳ ಮುಖಗಳು. ಶ್ವಾಸಕೋಶದ ಒಳಗೆ ಏನಾಗುತ್ತಿದೆ ಎಂದು ಯಾರಿಗೂ ಕಾಣದು. ಮುಖದ ಮೇಲಿನ ಹುಣ್ಣು ಎಲ್ಲರಿಗೂ ಕಾಣುತ್ತದೆ. ಚುಚ್ಚಿದ ಕೆಲವೇ ಗಂಟೆಗಳಲ್ಲಿ ಆ ಭಾಗ ಕೆಂಪಾಗಿ, ಊದಿಕೊಂಡು, ಮುಂದೆ ಪೊರೆಗಟ್ಟಿ ಉದುರುತ್ತಿತ್ತು. ನೋಡಿದವರಿಗೆ ರೋಗ ಕಿತ್ತುಕೊಂಡು ಹೋಗುತ್ತಿದೆ ಎಂದೇ ಅನಿಸಿತು.

ವಾಟ್ಸಾಪ್ ಇಲ್ಲದ ಕಾಲದಲ್ಲೂ ಆ ಸುದ್ದಿ ತಂತಿಯ ಮೂಲಕ ಜಗತ್ತನ್ನೆಲ್ಲ ಸುತ್ತಿತು. ರೈಲು ತುಂಬಿ ರೋಗಿಗಳು ಬರ್ಲಿನ್ನಿಗೆ ಬಂದರು. ಹಲವರು ಸಾಯುವ ಸ್ಥಿತಿಯಲ್ಲಿದ್ದರು. ಹೋಟೆಲುಗಳು ಆಸ್ಪತ್ರೆಗಳಾದವು. ಇಂಗ್ಲೆಂಡಿನಿಂದ ಒಬ್ಬ ತರುಣ ವೈದ್ಯನೂ ಬಂದ. ಷರ್ಲಾಕ್ ಹೋಮ್ಸ್ ಪತ್ತೇದಾರಿ ಕಥೆಗಳ ಲೇಖಕ ಆರ್ಥರ್ ಕೊನನ್ ಡಾಯ್ಲ್ ಅವನೇ. ಈ ಮದ್ದು ಗುಣಪಡಿಸುತ್ತದೆ ಎನ್ನಲು ಸಾಕ್ಷಿ ಸಾಲದು ಎಂದು ಆತ ಆಗಲೇ ಪತ್ರಿಕೆಗೆ ಬರೆದ. ಕೇಳುವವರು ಕಡಿಮೆ.

ಕೆಲವೇ ತಿಂಗಳಲ್ಲಿ ನಿಜ ಹೊರಬಿತ್ತು. ಪೂರ್ತಿ ಗುಣವಾದವರು ಬಹಳ ಕಡಿಮೆ. ಹಲವರ ರೋಗ ಕೆರಳಿತು, ಕೆಲವರು ಸತ್ತರು. ಬರ್ಲಿನ್ನಿನ ಹಿರಿಯ ವೈದ್ಯ ರುಡಾಲ್ಫ್ ವಿರ್ಕೊ ಸತ್ತವರ ಶವ ಪರೀಕ್ಷೆ ಮಾಡಿ, ಹೊಸ ಗಂಟುಗಳು ಎದ್ದಿರುವುದನ್ನು ತೋರಿಸಿದರು. ವಾಸಿಯಾದಂತೆ ಕಂಡ ಲೂಪಸ್ ಮತ್ತೆ ಮರಳಿತು. 1891ರ ಜನವರಿಯಲ್ಲಿ ಕಾಕ್ ಗುಟ್ಟು ಬಿಟ್ಟುಕೊಟ್ಟರು. ಅದು ಟಿಬಿ ರೋಗಾಣುಗಳನ್ನು ಗ್ಲಿಸರಿನ್‌ನಲ್ಲಿ ಸೋಸಿ ತೆಗೆದ ಸಾರ ಮಾತ್ರ. ಅದಕ್ಕೆ ಟ್ಯೂಬರ್ಕ್ಯುಲಿನ್ ಎಂದು ಹೆಸರು ಬಂತು.

ವಿಚಿತ್ರವೆಂದರೆ, ಔಷಧವಾಗಿ ಸೋತ ಆ ದ್ರವ ಪರೀಕ್ಷೆಯಾಗಿ ಉಳಿದುಕೊಂಡಿತು. ಟಿಬಿ ರೋಗಾಣು ಹೊಕ್ಕ ಮೈ ಅದಕ್ಕೆ ಕೆಂಪಾಗಿ ಉತ್ತರ ಕೊಡುತ್ತದೆ. 1908ರಲ್ಲಿ ಫ್ರಾನ್ಸಿನ ಚಾರ್ಲ್ಸ್ ಮಾಂಟೂ ರೂಪಿಸಿದ, ಮುಂಗೈ ಚರ್ಮಕ್ಕೆ ಚುಚ್ಚಿ ಎರಡು ಮೂರು ದಿನ ಬಿಟ್ಟು ಊತ ಅಳೆಯುವ ಮಾಂಟೂ ಪರೀಕ್ಷೆ ಇಂದಿಗೂ ನಮ್ಮ ಆಸ್ಪತ್ರೆಗಳಲ್ಲಿ ನಡೆಯುತ್ತದೆ. ಆದರೆ ಅದು ರೋಗಾಣು ಎಂದೋ ಮೈಹೊಕ್ಕಿತ್ತು ಎಂದಷ್ಟೇ ಹೇಳೀತು. ಈ ಹುಣ್ಣು ಟಿಬಿಯದೇ ಎಂದು ಹೇಳಲಾರದು.

ಮುಂಬೈ, ಹಾಲು ಮತ್ತು ಕೊನೆಯ ದಿನಗಳು

1897ರಲ್ಲಿ ಪ್ಲೇಗ್ ಹಬ್ಬಿದಾಗ ಕಾಕ್ ಮುಂಬೈಗೂ ಬಂದಿದ್ದರು. ನಮ್ಮ ಭೀಮಾ ತೀರದ ಜನ ಇಂದು ದುಡಿಮೆಗೆಂದು ರೈಲು ಹತ್ತಿ ಹೋಗುವುದೂ ಆ ನಗರಕ್ಕೇ.

1901ರಲ್ಲಿ ಅವರಿಂದ ಇನ್ನೊಂದು ತಪ್ಪಾಯಿತು. ದನಗಳ ಟಿಬಿಯಿಂದ ಮನುಷ್ಯರಿಗೆ ಹೆಚ್ಚು ಅಪಾಯವಿಲ್ಲ ಎಂದು ಲಂಡನ್ನಿನ ಸಭೆಯಲ್ಲಿ ಹೇಳಿದರು. ಬ್ರಿಟನ್ನಿನ ತಜ್ಞರ ಆಯೋಗ ವರ್ಷಗಟ್ಟಲೆ ಪರೀಕ್ಷಿಸಿ, ಹಸಿ ಹಾಲಿನಿಂದ ಮನುಷ್ಯರಿಗೂ ಆ ರೋಗ ಬರುತ್ತದೆ ಎಂದು ತೋರಿಸಿತು. ಕುತ್ತಿಗೆಯ ಗಂಟು ಒಡೆದು ಚರ್ಮದಲ್ಲಿ ಕೀವು ಸೋರುವ ಗಂಡಮಾಲೆಗೆ ಅಂಥ ಹಾಲೂ ಒಂದು ಕಾರಣ. ಹಾಲು ಕುದಿಸಿ ಕುಡಿಯುವ ನಮ್ಮ ಮನೆಗಳ ರೂಢಿ ದೊಡ್ಡ ರಕ್ಷಣೆ, ಅದನ್ನು ಬಿಡಬೇಡಿ.

1905ರಲ್ಲಿ ಟಿಬಿ ಕುರಿತ ಕೆಲಸಕ್ಕಾಗಿ ಕಾಕ್ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. 1910ರ ಮೇ 27ರಂದು ಬಾಡೆನ್-ಬಾಡೆನ್ ಊರಿನಲ್ಲಿ, 66ನೇ ವಯಸ್ಸಿನಲ್ಲಿ ತೀರಿಕೊಂಡರು. ಟಿಬಿಗೆ ನಿಜವಾದ ಔಷಧ ನೋಡುವ ಭಾಗ್ಯ ಅವರಿಗಿರಲಿಲ್ಲ. ಮೊದಲ ಔಷಧ ಸ್ಟ್ರೆಪ್ಟೊಮೈಸಿನ್ ಬರಲು 1940ರ ದಶಕದವರೆಗೆ ಕಾಯಬೇಕಾಯಿತು.

ಕಾಕ್ ಬಿಟ್ಟುಹೋದ ಕೆಲಸ: ಒಂದನ್ನು ಕೋಟಿಯಾಗಿಸುವುದು

ಈಗ ನಮ್ಮ ಕಾಲಕ್ಕೆ ಬನ್ನಿ. ಚರ್ಮದ ಟಿಬಿ ಅಪರೂಪ. ಶ್ವಾಸಕೋಶದ ಹೊರಗೆ ಬರುವ ಟಿಬಿಯಲ್ಲಿ ಸುಮಾರು ನೂರಕ್ಕೆ ಒಂದೆರಡು ಮಾತ್ರ. ಅಪರೂಪವಾದ್ದರಿಂದಲೇ ಬೇರೆ ಏನೋ ಎಂದು ತಿಳಿದು ತಿಂಗಳು, ವರ್ಷ ಕಳೆದುಹೋಗುತ್ತವೆ. ಯುರೋಪಿನಲ್ಲಿ ಮುಖಕ್ಕೆ ಬರುತ್ತಿದ್ದ ಲೂಪಸ್ ನಮ್ಮಲ್ಲಿ ಪೃಷ್ಠ, ತೊಡೆ, ಕೈಕಾಲುಗಳಲ್ಲೂ ಬರುತ್ತದೆ. ಬರಿಗಾಲಲ್ಲಿ ಹೊಲಕ್ಕೆ ಹೋಗುವವರ ಪಾದದ ಗಾಯದಲ್ಲಿ ನರುಳೆಯಂತೆ ಒರಟಾಗಿ ಬೆಳೆಯುವ ಬಗೆಯೂ ಇದೆ. ನೋವಿಲ್ಲದ್ದರಿಂದ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹುಳುಕಡ್ಡಿ ಎಂದು ಮೆಡಿಕಲ್ ಅಂಗಡಿಯ ಟ್ಯೂಬು ಹಚ್ಚುತ್ತಾರೆ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಕೆಂಪು ತಾತ್ಕಾಲಿಕವಾಗಿ ಮಾಸುತ್ತದೆ, ರೋಗ ಒಳಗೇ ಇರುತ್ತದೆ. ಕುಷ್ಠ, ಶಿಲೀಂಧ್ರದ ಸೋಂಕು, ಚರ್ಮದ ಕ್ಯಾನ್ಸರ್ ಕೂಡ ನೋಡಲು ಇದೇ ರೀತಿ ಇರಬಹುದು. ಹಾಗಾಗಿ ಫೋಟೊ ನೋಡಿ ಯಾರೂ ಖಚಿತವಾಗಿ ಹೇಳಲಾರರು.

ವೈದ್ಯರು ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಆ ಜಾಗದಿಂದ ಕೆಲವು ಮಿಲಿಮೀಟರಿನ ಚರ್ಮದ ತುಣುಕು ತೆಗೆಯುತ್ತಾರೆ. ಇದೇ ಬಯಾಪ್ಸಿ. ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಟಿಬಿಯಲ್ಲಿ ಕಾಣುವ ಕೋಶಗಳ ಗುಂಪು ಸಿಗಬಹುದು. ಆದರೆ ರೋಗಾಣು ಕಣ್ಣಿಗೆ ಬೀಳುವುದು ಕಷ್ಟ, ಕಾಕ್ ಪಟ್ಟ ಪಾಡೇ ನಮ್ಮದೂ. ಸೂಕ್ಷ್ಮದರ್ಶಕದಲ್ಲಿ ಕಾಣಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು ಹತ್ತು ಸಾವಿರ ರೋಗಾಣುಗಳಾದರೂ ಬೇಕು. ಚರ್ಮದಲ್ಲಿ ಅಷ್ಟೆಲ್ಲಿ? ಬೆಳೆಸಿ ನೋಡೋಣವೆಂದರೆ ಆರರಿಂದ ಎಂಟು ವಾರ.

ಮಾಲಿಕ್ಯುಲರ್ ಪರೀಕ್ಷೆಗಳು ನೆರವಾಗುವುದು ಇಲ್ಲಿ. ಇವು ರೋಗಾಣುವಿನ ಇಡೀ ದೇಹವನ್ನು ಹುಡುಕುವುದಿಲ್ಲ. ಅದರ ಡಿಎನ್‌ಎಯ ಒಂದು ಗುರುತಿನ ತುಂಡನ್ನು ಹುಡುಕುತ್ತವೆ. ಕೊರೊನಾ ಕಾಲದಲ್ಲಿ ಎಲ್ಲರ ಬಾಯಲ್ಲಿದ್ದ ಪಿಸಿಆರ್ ಇದೇ. ಬಿಸಿ ಮಾಡಿ, ತಣಿಸಿ, ಒಂದು ತುಂಡನ್ನು ಎರಡು ಮಾಡುತ್ತದೆ. ಎರಡು ನಾಲ್ಕಾಗುತ್ತವೆ, ನಾಲ್ಕು ಎಂಟಾಗುತ್ತವೆ. ಲೆಕ್ಕದ ಪ್ರಕಾರ 30 ಸುತ್ತು ಮುಗಿಯುವ ಹೊತ್ತಿಗೆ ಒಂದು ತುಂಡಿನಿಂದ 107 ಕೋಟಿ ಪ್ರತಿಗಳು. ಕಣ್ಣಿಗೆ ಸಿಗದ ಕಳ್ಳನ ಒಂದೇ ಬೆರಳಚ್ಚನ್ನು ಊರ ತುಂಬ ಅಂಟಿಸಿದಂತೆ.

ಸಿಬಿನ್ಯಾಟ್ ಯಂತ್ರ ಎರಡು ಗಂಟೆಯೊಳಗೆ ಫಲಿತಾಂಶ ಕೊಡುತ್ತದೆ. ಜತೆಗೆ ಆರ್‌ಪಿಒಬಿ ಎಂಬ ಜೀನಿನಲ್ಲಿನ ಬದಲಾವಣೆ ನೋಡಿ, ರಿಫಾಂಪಿಸಿನ್ ಮಾತ್ರೆ ನಾಟುತ್ತದೆಯೇ ಇಲ್ಲವೇ ಎಂದೂ ಹೇಳುತ್ತದೆ. ಟ್ರೂನ್ಯಾಟ್ ನಮ್ಮದೇ ನಾಡಿನ ಕೂಸು, ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್ ರೂಪಿಸಿದ್ದು. ಬ್ಯಾಟರಿಯ ಮೇಲೂ ಓಡುವುದರಿಂದ ಕರೆಂಟು ಕೈಕೊಡುವ ಊರುಗಳಿಗೆ ಹೇಳಿ ಮಾಡಿಸಿದಂತಿದೆ. ಟಿಬಿ ಪತ್ತೆಗೆ ಇದನ್ನು ಬಳಸಲು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಶಿಫಾರಸು ಮಾಡಿತು. ಎರಡೂ ಮುಖ್ಯವಾಗಿ ಕಫಕ್ಕೆಂದು ಬಂದವು. ಚರ್ಮದ ತುಣುಕಿಗೆ ಯಾವ ಪರೀಕ್ಷೆ ಬೇಕು ಎಂದು ವೈದ್ಯರು ತೀರ್ಮಾನಿಸುತ್ತಾರೆ.

ಇವೂ ಮಂತ್ರದಂಡವಲ್ಲ. ಮೂರು ಮಿತಿಗಳನ್ನು ತಿಳಿದಿರಿ.

ಒಂದು, ರಿಪೋರ್ಟು ನೆಗೆಟಿವ್ ಬಂದರೆ ಟಿಬಿ ಇಲ್ಲವೇ ಇಲ್ಲ ಎಂದಲ್ಲ. ತೆಗೆದ ತುಣುಕಿನಲ್ಲಿ ರೋಗಾಣು ಇಲ್ಲದೆ ಇರಬಹುದು. ಬಯಾಪ್ಸಿ, ಮಾಂಟೂ, ಎದೆಯ ಎಕ್ಸ್-ರೇ, ರೋಗಿಯ ಲಕ್ಷಣ ಎಲ್ಲವನ್ನೂ ಕೂಡಿಸಿ ನೋಡಬೇಕು.

ಎರಡು, ಸತ್ತ ರೋಗಾಣುವಿನ ಡಿಎನ್‌ಎಯೂ ಪಾಸಿಟಿವ್ ತೋರಿಸಬಹುದು. ಆದ್ದರಿಂದ ಮಾತ್ರೆ ತೆಗೆದುಕೊಂಡ ಮೇಲೆ ಗುಣವಾಗಿದೆಯೇ ಎಂದು ತಿಳಿಯಲು ಈ ಪರೀಕ್ಷೆ ತಕ್ಕದ್ದಲ್ಲ.

ಮೂರು, ತುಣುಕನ್ನು ಹೇಗೆ ಕಳಿಸುತ್ತಾರೆ ಎಂಬುದು ಮುಖ್ಯ. ಫಾರ್ಮಲಿನ್‌ನಲ್ಲಿ ಹಾಕಿದರೆ ರೋಗಾಣು ಸತ್ತು ಬೆಳೆಸಲು ಬರುವುದಿಲ್ಲ, ಡಿಎನ್‌ಎಯೂ ಕೆಡುತ್ತದೆ. ಹಾಗಾಗಿ ಒಂದು ಭಾಗ ಫಾರ್ಮಲಿನ್‌ನಲ್ಲಿ, ಇನ್ನೊಂದು ಭಾಗ ಸಲೈನ್‌ನಲ್ಲಿ ಹೋಗಬೇಕು. ಎರಡು ಡಬ್ಬಿ ಬೇಕೇ ಎಂದು ವೈದ್ಯರನ್ನು ಕೇಳುವುದರಲ್ಲಿ ತಪ್ಪಿಲ್ಲ.

ಫಾರ್ವರ್ಡ್ ಹೇಳುವುದು, ವಿಜ್ಞಾನ ಹೇಳುವುದು

ಚರ್ಮದ ಟಿಬಿ ಮುಟ್ಟಿದರೆ ಹರಡುತ್ತದೆ ಎಂಬುದು ತಪ್ಪು. ಕೈ ಕುಲುಕಿದರೆ, ಒಟ್ಟಿಗೆ ರೊಟ್ಟಿ ಉಂಡರೆ ಬರುವುದಿಲ್ಲ. ಆದರೆ ಅದೇ ರೋಗಿಗೆ ಶ್ವಾಸಕೋಶದ ಟಿಬಿಯೂ ಇದ್ದರೆ ಕೆಮ್ಮಿನಿಂದ ಹರಡೀತು. ಹಾಗಾಗಿ ಎದೆಯ ಪರೀಕ್ಷೆ ಕಡ್ಡಾಯ.

ಬಿಸಿಲಿಗೆ ಮೈಯೊಡ್ಡಿದರೆ ವಾಸಿಯಾಗುತ್ತದೆ ಎಂಬುದು ಅರ್ಧ ಸತ್ಯದಿಂದ ಹುಟ್ಟಿದ ಸುಳ್ಳು. ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್ ಲೂಪಸ್ ರೋಗಕ್ಕೆ ಬೆಳಕಿನ ಚಿಕಿತ್ಸೆ ಕೊಟ್ಟು 1903ರಲ್ಲಿ ನೊಬೆಲ್ ಪಡೆದದ್ದು ನಿಜ. ಅದು ವಿದ್ಯುತ್ ದೀಪದ ಬೆಳಕನ್ನು ಮಸೂರಗಳಿಂದ ಒಂದೇ ಕಡೆ ಕೂಡಿಸಿ, ತಿಂಗಳುಗಟ್ಟಲೆ ಕೊಡುತ್ತಿದ್ದ ಚಿಕಿತ್ಸೆ. ಬರಿಯ ಬಿಸಿಲೇ ಸಾಕಾಗಿದ್ದರೆ 40 ಡಿಗ್ರಿ ದಾಟುವ ಕಲಬುರಗಿ ಬೇಸಿಗೆಯಲ್ಲಿ ತೊಗರಿ ಹೊಲದಲ್ಲಿ ದುಡಿಯುವ ಯಾರಿಗೂ ಈ ರೋಗ ಇರಬಾರದಿತ್ತು.

ಲೂಪಸ್ ಎಂದರೆಲ್ಲ ಒಂದೇ ಎಂಬುದೂ ತಪ್ಪು. ಎಸ್‌ಎಲ್‌ಇ ಎಂಬ ಲೂಪಸ್ ಬೇರೆಯೇ ಕಾಯಿಲೆ, ಅದು ಟಿಬಿ ಅಲ್ಲ. ಚಿಕಿತ್ಸೆಯೂ ಬೇರೆ.

ಕುಲದೋಷ, ಪಾಪದ ಫಲ ಎಂಬ ಮಾತಿಗೆ 1882ರಲ್ಲೇ ಉತ್ತರ ಸಿಕ್ಕಿದೆ.

ಚಿಕಿತ್ಸೆ ಇದೆ. ಮಾತ್ರೆ ನಾಟುವ ಸಾಮಾನ್ಯ ಚರ್ಮದ ಟಿಬಿಗೆ ಸಾಧಾರಣವಾಗಿ ಆರು ತಿಂಗಳ ಮಾತ್ರೆ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಪೌಷ್ಟಿಕ ಆಹಾರಕ್ಕೆಂದು ನಿಕ್ಷಯ್ ಯೋಜನೆಯಲ್ಲಿ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರಿನಿಂದ 1000 ರೂಪಾಯಿ ಆಗಿದೆ. ಮಾಹಿತಿಗೆ ಉಚಿತ ಸಹಾಯವಾಣಿ 1800-11-6666. ಹುಣ್ಣು ಮಾಯಿತೆಂದು ನಡುವೆ ಮಾತ್ರೆ ಬಿಟ್ಟರೆ, ವಾಸಿಯಾದಂತೆ ಕಂಡು ಮರಳಿ ಬಂದ ಬರ್ಲಿನ್ನಿನ ರೋಗಿಗಳ ಕಥೆಯೇ ನಿಮ್ಮದೂ ಆದೀತು.

ಕೊನೆಯದಾಗಿ ಒಂದು ಲೆಕ್ಕ. ಕಾಕ್ 1882ರಲ್ಲಿ ಗೆದ್ದದ್ದು, ಪ್ರತಿ ಹೆಜ್ಜೆಗೂ ಸಾಕ್ಷಿ ಸಿಗುವವರೆಗೆ ಬಾಯಿ ಬಿಡದೆ ಕಾದಿದ್ದರಿಂದ. 1890ರಲ್ಲಿ ಸೋತದ್ದು, ಕಾಯದೆ ಹೇಳಿಬಿಟ್ಟದ್ದರಿಂದ. ಮದ್ದಿನಲ್ಲಿ ಏನಿದೆ ಎಂದು ಹೇಳದ, ಎಷ್ಟು ಜನರ ಮೇಲೆ ಪರೀಕ್ಷೆ ಆಯಿತು ಎಂದು ತಿಳಿಸದ, ಬರೀ ಮುಂಚಿನ ಮತ್ತು ನಂತರದ ಫೋಟೊ ತೋರಿಸುವ ಸಂದೇಶ ಬಂದರೆ ಅದನ್ನು ನಿಮ್ಮಲ್ಲೇ ನಿಲ್ಲಿಸಿ. ಆರು ವಾರ ಕಳೆದರೂ ಮಾಯದ ಹುಣ್ಣೋ, ಗಂಟೋ, ಒರಟು ಕಲೆಯೋ ಮನೆಯಲ್ಲಿ ಯಾರಿಗಾದರೂ ಇದ್ದರೆ ಅವರನ್ನು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ಫಾರ್ವರ್ಡ್ ಮಾಡಲೇಬೇಕು ಅನಿಸಿದರೆ ಈ ಮಾತನ್ನು ಮಾಡಿ.